ಬೇಕರಿ ವ್ಯಾನಿನಲ್ಲಿ ಗಡಿ ದಾಟಿದ ಕುಂಬಳಕಾಯಿ

ಅಕ್ಕನ ಕುಂಬಳಕಾಯಿ ಭಾವನ ಕಾರಿನೊಳಗೆ ಹಿಡಿಸುವುದಿಲ್ಲ ಎಂಬುದು ನಮಗೆ ಗೊತ್ತಾದದ್ದು ಹೊರಡುವ ಹಿಂದಿನ ದಿನ ಮಧ್ಯಾಹ್ನ. ಭಾವ ಟೇಪು ತಂದು ಕಾರಿನ ನಾಲ್ಕು ಬಾಗಿಲನ್ನೂ ಡಿಕ್ಕಿಯನ್ನೂ ಅಳೆದರು. ಆಮೇಲೆ ಕುಂಬಳಕಾಯಿಯನ್ನು ಅಳೆದರು. ಆಮೇಲೆ ಕಾರನ್ನೇ ಇನ್ನೊಂದು ಸಲ ಅಳೆದರು, ಅಷ್ಟರಲ್ಲಿ ಅದು ಸ್ವಲ್ಪ ದೊಡ್ಡದಾಗಿರಬಹುದೇನೋ ಎಂಬಂತೆ.

"ಎರಡು ಇಂಚು ಹೆಚ್ಚು," ಎಂದರು.

"ಕಾರು ಎರಡು ಇಂಚು ಕಮ್ಮಿ ಅನ್ನಿ," ಎಂದಳು ಅಕ್ಕ. "ನನ್ನ ದುಂಡಮ್ಮನಿಗೆ ಹೆಚ್ಚು ಅನ್ನಬೇಡಿ."

ದುಂಡಮ್ಮ ಎಂದರೆ ಕುಂಬಳಕಾಯಿ. ಅದು ಹುಟ್ಟಿದ ಕಥೆ ಹೇಳಬೇಕು. ಹೋದ ವರ್ಷ ನಾನೂ ಅಕ್ಕನೂ ಬಸ್ಸಿನಲ್ಲಿ ಗಡಿಯಾಚೆಯ ದೇಶ ನೋಡಲು ಹೋಗಿದ್ದಾಗ ಒಂದು ಪುಟ್ಟ ಊರಿನ ಮೈದಾನದಲ್ಲಿ ಕುಂಬಳಕಾಯಿಗಳ ತೂಕದ ಪಂದ್ಯ ನಡೆಯುತ್ತಿತ್ತು. ಅಕ್ಕ ಅಲ್ಲಿಂದ ಕದಲಲೇ ಇಲ್ಲ. ಪ್ರತಿ ಕಾಯಿಯ ತಲೆಯ ಮೇಲೂ ಬೆಳೆದವರ ಹೆಸರಿದ್ದ ಒಂದು ಬಿಳಿ ಚೀಟಿ, ನೀಲಿ ಶಾಯಿ, ಮುದ್ದಾದ ಅಕ್ಷರ. ಅಕ್ಕ ನೋಡುತ್ತಿದ್ದದ್ದು ಕಾಯಿಗಳನ್ನಲ್ಲ, ಚೀಟಿಗಳನ್ನು. ಅವಳ ಮನೆಯ ಬಾಗಿಲ ಫಲಕದಲ್ಲಿ ಭಾವನ ಹೆಸರು, ಕರೆಂಟು ಬಿಲ್ಲಿನಲ್ಲಿ ಭಾವನ ಹೆಸರು, ಮೂವತ್ತು ವರ್ಷ ಅವಳು ಹೊಲಿದುಕೊಟ್ಟ ಶಾಲಾ ನಾಟಕದ ಉಡುಪುಗಳಿಗೆಲ್ಲ ಯಾರೋ ಮೇಷ್ಟರ ಹೆಸರು. ಅದನ್ನೆಲ್ಲ ಅವಳು ದೂರಿದವಳಲ್ಲ. ಆದರೆ ಚೀಟಿಗಳ ಮುಂದೆ ನಿಂತೇ ಇದ್ದಳು. ನೋಂದಣಿ ಮೇಜಿನ ಮುದುಕರೊಬ್ಬರು ಅವಳ ಕಾಲುನೋವು ಗಮನಿಸಿ ತಮ್ಮ ಕುರ್ಚಿ ಬಿಟ್ಟುಕೊಟ್ಟರು. ಹೊರಡುವಾಗ ಜೇಬಿನಿಂದ ಒಂದೇ ಒಂದು ಬೀಜ ತೆಗೆದು ಕೊಟ್ಟರು.

"ಮುಂದಿನ ವರ್ಷ ಬೆಳೆದುಕೊಂಡು ಬನ್ನಿ ತಾಯಿ. ನಿಮ್ಮ ಚೀಟಿ ನಾನೇ ಬರೀತೀನಿ."

ಆ ಬೀಜವೇ ಈ ದುಂಡಮ್ಮ. ಅಕ್ಕ ಅದಕ್ಕೆ ಹಳೆಯ ದಿಂಬಿನ ಹಾಸಿಗೆ ಮಾಡಿದ್ದಳು. ಮಧ್ಯಾಹ್ನದ ಬಿಸಿಲಿಗೆ ಭಾವ ಅದರ ಪಕ್ಕ ಕೊಡೆ ಹಿಡಿದು ನಿಲ್ಲುತ್ತಿದ್ದರು. ಯಾರಾದರೂ ಕೇಳಿದರೆ "ಬೇಲಿ ನೋಡ್ತಾ ಇದ್ದೀನಿ" ಎನ್ನುತ್ತಿದ್ದರು. ಕೊಡೆ ಮಾತ್ರ ತಮ್ಮ ತಲೆಯ ಮೇಲಿರುತ್ತಿರಲಿಲ್ಲ.

ಈಗ ಉಳಿದದ್ದು ಒಂದೇ ದಾರಿ, ನಮ್ಮ ಬೀದಿಯ ಬೇಕರಿಯಾಕೆಯ ವ್ಯಾನು.

ಬೇಕರಿಯಾಕೆ ಮೂವತ್ತೈದರ ಹೆಂಗಸು, ಒಬ್ಬಳೇ ಒಲೆ, ಅಂಗಡಿ, ವ್ಯಾನು ಮೂರನ್ನೂ ನಡೆಸುವವಳು. ಕೇಳಿದ ತಕ್ಷಣ ಬೀಗದ ಕೈ ತೆಗೆದು ಕೌಂಟರಿನ ಮೇಲಿಟ್ಟಳು. ಭಾವ ಅದನ್ನು ಮುಟ್ಟಲಿಲ್ಲ.

ಇಲ್ಲಿ ಭಾವನ ವಿಷಯ ಹೇಳಬೇಕು. ಅವರು ಮೂವತ್ತಾರು ವರ್ಷ ಒಂದು ವಾಹನ ವಿಮೆ ಕಂಪನಿಯಲ್ಲಿ ಕ್ಲೇಮು ಪರಿಶೀಲಿಸುವ ಕೆಲಸ ಮಾಡಿದವರು. ಆಫೀಸಿನಲ್ಲಿ ಅವರಿಗೆ ಷರತ್ತು ಸಾಹೇಬರು ಎಂದೇ ಹೆಸರಿತ್ತು. ಬಂಪರು ಕಳಚಿಕೊಂಡು ಕಂಕುಳಲ್ಲಿ ಹಿಡಿದು ಬಂದವರಿಗೂ ಅವರು ಮೊದಲು ಕುರ್ಚಿ, ಆಮೇಲೆ ನೀರು, ಆಮೇಲೆ ಷರತ್ತು ಕೊಡುತ್ತಿದ್ದರಂತೆ. "ಓದದೇ ಬಿಟ್ಟ ಪುಟಕ್ಕೂ ಸಹಿ ಮಾಡಿದವರೇ ಹೊಣೆ" ಎಂಬುದು ಅವರ ಮಾತು. ಅದನ್ನು ಅವರು ಸಿಟ್ಟಿನಿಂದ ಹೇಳುತ್ತಿರಲಿಲ್ಲ. ಹವಾಮಾನ ಹೇಳುವವರ ಹಾಗೆ ಹೇಳುತ್ತಿದ್ದರು.

"ಕಡ ತಂದ ಗಾಡೀನ ಬೇರೆ ದೇಶಕ್ಕೆ ಒಯ್ಯೋದು ಅಂದ್ರೆ ಹುಡುಗಾಟ ಅಲ್ಲಮ್ಮ," ಎಂದು ಬೇಕರಿಯಾಕೆಯ ಮುಂದೆ ನಾಲ್ಕು ಪುಟದ ಅನುಮತಿ ಪತ್ರ ಹರಡಿದರು. "ಓದಿ ಸೈನ್ ಮಾಡು."

ಅವಳು ಹಿಟ್ಟಿನ ಕೈಯಲ್ಲೇ ಓದಿದಳು. "'ಅನುಮತಿ ಕೊಡುವಾಗ ನಾನು ಪೂರ್ಣ ಎಚ್ಚರದಲ್ಲಿದ್ದೆ' ಅಂತ ಬರ್ದಿದ್ದೀರಲ್ಲ ಅಂಕಲ್, ಅದೊಂದು ಸುಳ್ಳಾಗುತ್ತೆ. ಮೂರು ಗಂಟೆಗೆ ಎದ್ದಿದ್ದೀನಿ."

ಭಾವ ಪೆನ್ನು ತೆಗೆದು 'ಪೂರ್ಣ' ಹೊಡೆದುಹಾಕಿ 'ಸಾಕಷ್ಟು' ಎಂದು ಬರೆದರು. ಅವಳು ಸಹಿ ಮಾಡಿ, ಮೇಣದಬತ್ತಿಯ ಡಬ್ಬಿ ಮತ್ತು ಬೆಣ್ಣೆ ಕಾಗದದ ನಡುವಿನಿಂದ ವ್ಯಾನಿನ ವಿಮೆ ಪಾಲಿಸಿಯನ್ನೂ ಎಳೆದುಕೊಟ್ಟಳು. ಭಾವ ಅದನ್ನು ಆ ಸಂಜೆ ಭೂತಗನ್ನಡಿ ಹಿಡಿದು ಓದಿದರು. ಹೊರದೇಶದಲ್ಲಿ ಓಡಿಸಬಹುದು ಎಂದಿತ್ತು. ಮಾಲೀಕರ ಅನುಮತಿ ಇದ್ದರೆ ಬೇರೆಯವರು ಓಡಿಸಬಹುದು ಎಂದೂ ಇತ್ತು. ಗಡಿಯ ವಿಮೆ ಕೌಂಟರಿನಲ್ಲಿ ಮೊಹರು ಹಾಕಿಸಿಕೊಳ್ಳಬೇಕು, ಅಷ್ಟೇ.

ಮಾರನೆಯ ಬೆಳಿಗ್ಗೆ ಒಂಬತ್ತಕ್ಕೆ ಹೊರಟೆವು. ಬೇಕರಿಯಾಕೆ ದುಂಡಮ್ಮನನ್ನು ಹತ್ತಿಸಲು ಪಕ್ಕದ ಮನೆಯವರನ್ನೆಲ್ಲ ಕೂಗಿ ಕರೆದಳು. ಖಾಲಿ ಹಿಟ್ಟಿನ ಚೀಲಗಳನ್ನು ಮಡಚಿ ಮೆತ್ತೆ ಹಾಸಿದಳು. ಒಂದು ಟಿನ್ನು ರಸ್ಕನ್ನೂ ಒಳಗಿಟ್ಟಳು. ಅವಳ ಅಂಗಡಿಯ ಮುಂದೆ ಆಗಲೇ ನಾಲ್ಕು ಜನ ಗಿರಾಕಿಗಳು ಕಾಯುತ್ತಿದ್ದರು. ಅವಳು ನಮಗೆ ಕೈಬೀಸಿದ ಮೇಲೆಯೇ ಒಳಗೆ ಹೋದದ್ದು.

ಮುಂದಿನ ಸೀಟಿನಲ್ಲಿ ಮೂವರೂ ಕೂತೆವು. ಭಾವ ಸ್ಟೀರಿಂಗು, ನಡುವೆ ನಾನು, ಕಿಟಕಿಗೆ ಅಕ್ಕ. ಹಿಂದಿನ ಸಣ್ಣ ಕಿಂಡಿಯಿಂದ ದುಂಡಮ್ಮ ಕಾಣುತ್ತಿತ್ತು. ಭಾವ ನಲವತ್ತರ ವೇಗ ಮೀರಲಿಲ್ಲ. ಒಂದು ಸೈಕಲ್ಲು ನಮ್ಮನ್ನು ಹಿಂದೆ ಹಾಕಿತು.

"ನಾಲ್ಕು ಗಂಟೆಗೆ ತೂಕ ನಿಲ್ಲಿಸ್ತಾರಂತೆ ರೀ," ಎಂದಳು ಅಕ್ಕ.

"ಯಾವ ದಿನ ಅಂತ ಹೇಳಿದ್ದಾರಾ?" ಎಂದೆ ನಾನು. ಭಾವ ನಗಲಿಲ್ಲ.

ಹನ್ನೊಂದೂವರೆಗೆ ಗಡಿ ಬಂತು. ಸುಂಕದವರು ವ್ಯಾನಿನ ಹಿಂಬಾಗಿಲು ತೆಗೆದು, ದುಂಡಮ್ಮನನ್ನು ನೋಡಿ, ತಟ್ಟಿ, ಇನ್ನೊಬ್ಬರನ್ನು ಕರೆದು ತೋರಿಸಿ, ಬಿಟ್ಟರು. ಕಷ್ಟ ಎದುರಾದದ್ದು ಪಕ್ಕದ ವಿಮೆ ಕೌಂಟರಿನಲ್ಲಿ. ಚಿಕ್ಕ ಕೋಣೆ, ಒಂದು ಫ್ಯಾನು, ಹಸಿರು ಸ್ವೆಟರು ಹಾಕಿದ ಒಬ್ಬ ಹೆಂಗಸು, ಅವಳ ಪಕ್ಕ ಆಗತಾನೆ ತಂದಿಟ್ಟ ಹಬೆಯಾಡುವ ಚಹಾ. ಅವಳು ಪಾಲಿಸಿಯನ್ನು ಹೆಬ್ಬೆರಳಿನಲ್ಲಿ ಸವರಿ ಪುಟ ಎಣಿಸಿದಳು.

"ಸರ್, ಆರನೇ ಪುಟ, ಏಳನೇ ಪುಟ ಓದಿದ್ದೀರಾ?"

"ಪೂರ್ತಿ ಓದಿದ್ದೀನಮ್ಮ. ಮೂವತ್ತಾರು ವರ್ಷ ಇದೇ ಕೆಲಸ ಮಾಡಿದವನು."

"ಹಾಗಾದ್ರೆ ಆರರಲ್ಲಿ ಏನಿತ್ತು?"

ಭಾವ ಪಾಲಿಸಿಗಾಗಿ ಕೈಚಾಚಿದರು. ಅವಳು ಒಂದು ಹಾಳೆಯನ್ನು ಬೆಳಕಿಗೆ ಹಿಡಿದಳು. ಅದು ಒಂದಲ್ಲ, ಎರಡು ಹಾಳೆ. ಯಾವುದೋ ಕಾಲದ ಹಣ್ಣಿನ ಜಾಮಿನಿಂದ ಒಂದಕ್ಕೊಂದು ಗಟ್ಟಿಯಾಗಿ ಅಂಟಿಕೊಂಡಿದ್ದವು. ಪುಟದ ಸಂಖ್ಯೆ ಇರಬೇಕಾದ ಮೂಲೆಯಲ್ಲಿ ಕೆಂಪಗೆ ಒಂದು ಕಲೆ. ಅವಳು ತನ್ನ ಚಹಾದ ಹಬೆಗೆ ಹಾಳೆ ಹಿಡಿದು, ಉಕ್ಕಿನ ಸ್ಕೇಲಿನಿಂದ ಮೆಲ್ಲಗೆ ಬಿಡಿಸಿದಳು. ಹತ್ತು ನಿಮಿಷ ಹಿಡಿಯಿತು. ಚಹಾ ಆರಿಹೋಯಿತು.

ಆಮೇಲೆ ಓದಿದಳು. ವಾಹನ ದೇಶದ ಹೊರಗಿರುವಾಗ ಈ ವಿಮೆ ಅನ್ವಯಿಸಬೇಕಾದರೆ ಅದು ಬೇಕರಿಯ ಕೆಲಸಕ್ಕಾಗಿ ಓಡುತ್ತಿರಬೇಕು. ಅದರಲ್ಲಿರುವವರೆಲ್ಲ ಮಾಲೀಕರು ಇಲ್ಲವೇ ಅವರ ಕೆಲಸಗಾರರಾಗಿರಬೇಕು. ಅದರಲ್ಲಿರುವ ಸರಕೆಲ್ಲ ಬೇಕರಿಯದ್ದಾಗಿರಬೇಕು.

"ಓದದೇ ಬಿಟ್ಟ ಪುಟಕ್ಕೂ..." ಎಂದು ಭಾವ ಶುರು ಮಾಡಿ ನಿಲ್ಲಿಸಿದರು. ಉಳಿದದ್ದನ್ನು ಅಕ್ಕ ಪೂರ್ತಿ ಮಾಡಬಹುದಿತ್ತು. ಮಾಡಲಿಲ್ಲ. ಅವರ ಕೈಗೆ ನೀರಿನ ಬಾಟಲಿ ಕೊಟ್ಟಳು.

"ಇಲ್ಲೇ ಹೊಸ ಪಾಲಿಸಿ ತಗೋಬಹುದಾ?" ಎಂದು ನಾನು ಕೇಳಿದೆ.

"ಮಾಲೀಕರು ಎದುರಿಗೆ ಬಂದು ಸೈನ್ ಮಾಡ್ಬೇಕು ಅಮ್ಮ."

"ಸುಮ್ನೆ ಹೋಗಿಬಿಡೋಣ ರೀ," ಎಂದಳು ಅಕ್ಕ. "ನೀವು ಓಡಿಸೋ ವೇಗಕ್ಕೆ ಏನೂ ಆಗಲ್ಲ."

"ಏನೂ ಆಗಲ್ಲ ಅಂದವರ ಫೈಲು ನಮ್ಮ ಆಫೀಸಲ್ಲಿ ಒಂದು ಬೀರು ತುಂಬ ಇತ್ತು ಕಣೇ. ನಮ್ಮ ಗಾಡಿ ಆಗಿದ್ರೆ ಬೇರೆ ಮಾತು. ಆ ಹುಡುಗಿಗೆ ಇರೋದೇ ಅದೊಂದು. ನಾಳೆ ಬೆಳಿಗ್ಗೆ ಬ್ರೆಡ್ಡು ಹೋಗ್ಬೇಕಾದ್ದು ಅದರಲ್ಲೇ."

ಅಕ್ಕ ಕೋಣೆಯ ಕಿಟಕಿಯಿಂದ ವ್ಯಾನಿನ ಕಡೆ ನೋಡಿದಳು. ಆ ನೋಟ ಕಂಡ ಮೇಲೆ ನಾನು ಆ ಸ್ವೆಟರಿನ ಹೆಂಗಸಿಗೆ ಬೀಜದ ಕಥೆ, ಚೀಟಿಯ ಕಥೆ ಎಲ್ಲ ಹೇಳಿಬಿಟ್ಟೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಎನ್ನುತ್ತಾರೆ. ಆದರೆ ಇವಳು ಸುಂಕದವಳಲ್ಲವಲ್ಲ, ಅದರ ಪಕ್ಕದ ಕೋಣೆಯವಳು. ಗಲ್ಲಕ್ಕೆ ಕೈಕೊಟ್ಟು ಪೂರ್ತಿ ಕೇಳಿದಳು.

"ಮಾಲೀಕರಿಗೆ ಫೋನ್ ಹಚ್ಚಿ ಸರ್," ಎಂದಳು. "ಕೆಲಸಗಾರರು ಅಂದ್ರೆ ಎಷ್ಟು ದಿನದಿಂದ ಕೆಲಸಗಾರರು ಅಂತ ಇಲ್ಲಿ ಬರೆದಿಲ್ಲ."

ಭಾವ ಆ ಸಾಲನ್ನು ಎರಡು ಸಲ ಓದಿದರು. ನಿಜವಾಗಿಯೂ ಬರೆದಿರಲಿಲ್ಲ.

ಬೇಕರಿಯಾಕೆ ಫೋನು ಎತ್ತಿದಳು. ಎರಡೂ ಕೈ ಹಿಟ್ಟಿನಲ್ಲಿದ್ದುದರಿಂದ ಮೊಣಕೈಯಲ್ಲಿ ಒತ್ತಿದಳಂತೆ. ಭಾವ ಎಲ್ಲರಿಗೂ ಕೇಳಲೆಂದು ಸ್ಪೀಕರಿಗೆ ಹಾಕಿ ಎಲ್ಲ ವಿವರಿಸಿದರು.

"ಅಷ್ಟೇನಾ ಅಂಕಲ್? ನೀವು ಮೂವರೂ ನನ್ನ ಕೆಲಸದವರು. ಆಯ್ತಲ್ಲ."

"ಹಾಗೆಲ್ಲ ಬಾಯಿಮಾತಿಗೆ ಆಗಲ್ಲಮ್ಮ. ನೇಮಕ ಅಂದ್ರೆ ನೇಮಕದ ಹಾಗೆ ಇರಬೇಕು. ಕೆಲಸಕ್ಕೆ ಯೋಗ್ಯ ಹೌದೋ ಅಲ್ಲವೋ ನೀನು ವಿಚಾರಿಸ್ಬೇಕು."

"ಸರಿ. ಹಿಟ್ಟು ನಾದೋಕೆ ಬರುತ್ತಾ?"

"ಬರಲ್ಲ."

"ಪ್ಯಾಕಿಂಗು?"

"ಕಲಿಯಬಹುದು."

"ಬೈಸಿಕೊಳ್ಳೋಕೆ?"

"ಅದರಲ್ಲಿ ಐವತ್ತು ವರ್ಷದ ಅನುಭವ ಇದೆ," ಎಂದಳು ಅಕ್ಕ.

"ಆಂಟಿನ ಮೇಲ್ವಿಚಾರಕಿ ಮಾಡ್ತೀನಿ ಹಾಗಾದ್ರೆ. ನೀವಿಬ್ರೂ ಅವರು ಹೇಳ್ದಂಗೆ ಕೇಳ್ಬೇಕು. ಮತ್ತೆ ಆ ರಸ್ಕಿನ ಟಿನ್ನು ದಾರೀಲಿ ತಿನ್ನಿ ಅಂತ ಇಟ್ಟಿದ್ದೆ. ತಿಂದ್ರಾ?"

ನಾನು ಎರಡು ತಿಂದಿದ್ದೆ. ಒಪ್ಪಿಕೊಂಡೆ.

"ಪರವಾಗಿಲ್ಲ. ಆ ಮೈದಾನದ ಆ ತುದೀಲಿ ನಮ್ಮ ದೊಡ್ಡಮ್ಮನ ಚಹಾ ಅಂಗಡಿ ಇದೆ. ಉಳಿದದ್ದನ್ನ ಅವರಿಗೆ ತಲುಪಿಸಿ. ಬಹಳ ದಿನದಿಂದ ಕೇಳ್ತಿದ್ರು. ಅದೇ ಇವತ್ತಿನ ಕೆಲಸ."

ಭಾವ ಒಂದು ಹಾಳೆಯ ಮೇಲೆ 'ಸಾಗಣೆಯಲ್ಲಿ ನಷ್ಟ: ರಸ್ಕು ಎರಡು, ಕಾರಣ: ನಾದಿನಿ' ಎಂದು ಬರೆದುಕೊಂಡರು. ಆಮೇಲೆ ಗಂಟಲು ಸರಿಮಾಡಿಕೊಂಡು ಅಕ್ಕನ ಕಡೆ ತಿರುಗಿದರು. "ಇನ್ನು ಸರಕು."

"ಸರಕು ಅಂದ್ರೆ?"

"ಕುಂಬಳಕಾಯಿ. ಅದು ಬೇಕರಿಯದ್ದಾಗಿರಬೇಕು. ಅಂದ್ರೆ ನೀನು ಅದನ್ನ ಆ ಹುಡುಗಿಗೆ ಕೊಟ್ಟಿರಬೇಕು. ಮನಸಾರೆ."

ಅಕ್ಕ ಎದ್ದು ವ್ಯಾನಿನ ಹತ್ತಿರ ಹೋದಳು. ಹಿಂಬಾಗಿಲು ತೆಗೆದು ದುಂಡಮ್ಮನ ಬೆನ್ನ ಮೇಲೆ ಕೈಯಿಟ್ಟು ನಿಂತಳು. ನಾನು ಹಿಂದೆಯೇ ಹೋದೆ. "ಯಾರದ್ದಾದ್ರೂ ಆಗ್ಲಿ ಬಿಡೇ," ಎಂದಳು. "ತಕ್ಕಡಿ ಮೇಲೆ ಕೂತು ಒಂದು ಚೀಟಿ ಇಟ್ಕೊಂಡ್ರೆ ಸಾಕು." ಒಳಗೆ ಬಂದು ಫೋನಿಗೆ ಬಾಯಿಟ್ಟು, "ಕೊಟ್ಟೆ ಮಗಳೇ," ಎಂದಳು.

ನೇಮಕದ ಪತ್ರದ ಚಿತ್ರ ಕೌಂಟರಿನವಳ ಫೋನಿಗೆ ಬಂದು, ಅವಳ ಮುದ್ರಣ ಯಂತ್ರದಿಂದ ಹೊರಬಂತು. ಬೇಕರಿಯಾಕೆಗೆ ಕೈಗೆ ಸಿಕ್ಕಿದ ಕಾಗದ ಅಂಗಡಿಯ ಕೇಕ್ ಆರ್ಡರ್ ಚೀಟಿ. ಅದರ ಮೇಲೇ ಬರೆದಿದ್ದಳು. 'ಸಂದರ್ಭ' ಎಂಬಲ್ಲಿ 'ನೇಮಕ' ಎಂದಿತ್ತು. 'ಕೇಕಿನ ಮೇಲೆ ಬರೆಯಬೇಕಾದ್ದು' ಎಂಬಲ್ಲಿ 'ಅಂಕಲ್, ಆಂಟಿ, ಆಂಟಿಯ ತಂಗಿ ನನ್ನ ಕೆಲಸದವರು. ಮೇಲ್ವಿಚಾರಣೆ ಆಂಟಿಯದು. ಕೆಲಸ: ರಸ್ಕು ತಲುಪಿಸುವುದು. ಕುಂಬಳಕಾಯಿ ಬೇಕರಿಯದು.' ಕೆಳಗೆ 'ಗಿರಾಕಿಯ ವಿಶೇಷ ಕೋರಿಕೆ' ಎಂಬಲ್ಲಿ 'ಕೂಲಿ: ಕೆಲಸ ಮುಗಿದ ಮೇಲೆ ಆಂಟಿ ಕೇಳಿದ್ದು.' ಅಭ್ಯಾಸಬಲದಿಂದ 'ಮೊಟ್ಟೆ ಇಲ್ಲದ್ದು' ಎಂಬ ಚೌಕಕ್ಕೂ ಗುರುತು ಹಾಕಿದ್ದಳು.

"ಮೊಟ್ಟೆ ಇಲ್ಲ ಅನ್ನೋದು ನಮಗೆ ಹೇಗೆ ಅನ್ವಯಿಸುತ್ತೆ?" ಎಂದರು ಭಾವ.

"ನಿಜ ತಾನೆ ಸರ್," ಎಂದು ಸ್ವೆಟರಿನವಳು ಮೊಹರು ಒತ್ತಿದಳು.

ಒಂದು ಗಂಟೆಯಾಗಿತ್ತು. ಗಡಿಯಾಚೆ ಮೇಲ್ವಿಚಾರಕಿ ಮೊದಲ ಆಜ್ಞೆ ಕೊಟ್ಟಳು. "ರೀ, ಅರವತ್ತರಲ್ಲಿ ಓಡಿಸಿ."

"ವೇಗದ ಮಿತಿ..."

"ಫಲಕದಲ್ಲಿ ಎಂಬತ್ತು ಅಂತಿದೆ. ನೀವು ಮೇಲ್ವಿಚಾರಕಿಗೆ ಎದುರುತ್ತರ ಕೊಡ್ತಿದ್ದೀರಿ."

ಭಾವ ಅರವತ್ತಕ್ಕೆ ಹೋದರು. ನಾನು ಅವರನ್ನು ಆ ವೇಗದಲ್ಲಿ ಕಂಡದ್ದು ಅದೇ ಮೊದಲು.

ಮೈದಾನ ಸೇರಿದಾಗ ಮೂರು ಇಪ್ಪತ್ತೈದು. ದೊಡ್ಡ ಬಯಲು, ಹುಲ್ಲು ತುಳಿದು ಹಳದಿಯಾಗಿತ್ತು. ಈ ತುದಿಯಲ್ಲಿ ತಕ್ಕಡಿ, ಆ ತುದಿಯಲ್ಲಿ ಚಹಾ ಅಂಗಡಿಯ ನೀಲಿ ಹೊದಿಕೆ. ತಕ್ಕಡಿಯ ಪಕ್ಕದ ಮೇಜಿನಲ್ಲಿ ಅದೇ ಮುದುಕರು, ಅದೇ ನೀಲಿ ಶಾಯಿ. ಅಕ್ಕನನ್ನು ನೋಡಿದ ತಕ್ಷಣ ಎದ್ದು ನಿಂತು, ಹೋದ ವರ್ಷದ ಹಾಗೆಯೇ ತಮ್ಮ ಕುರ್ಚಿ ಈಚೆಗೆಳೆದರು.

"ಬಂದ್ರಾ ತಾಯಿ. ನಿಮಗೋಸ್ಕರ ಒಂದು ಚೀಟಿ ಬೇರೆ ಇಟ್ಟಿದ್ದೀನಿ." ಮೇಜಿನ ಖಾನೆಯಿಂದ ತೆಗೆದರು. ಒಂದು ಮೂಲೆಯೂ ಮುದುರಿರಲಿಲ್ಲ. ಅಷ್ಟರಲ್ಲಿ ನಾಲ್ಕು ಜನ ದುಂಡಮ್ಮನನ್ನು ಜಮಖಾನೆಯಲ್ಲಿ ಹೊತ್ತು ತಂದು ಹುಲ್ಲಿನ ಮೇಲಿಟ್ಟರು. ಮುದುಕರು ಪೆನ್ನಿನ ಮುಚ್ಚಳ ತೆಗೆದು, ರೂಢಿಯ ಪ್ರಶ್ನೆ ಕೇಳಿದರು. "ಕಾಯಿ ನಿಮ್ಮದೇ ತಾನೆ?"

"ಹೌ..." ಎಂದಳು ಅಕ್ಕ.

"ಅಲ್ಲ," ಎಂದರು ಭಾವ.

ಪೆನ್ನು ನಿಂತಿತು. ಭಾವನ ಮುಖ ಕಿವಿಯವರೆಗೂ ಕೆಂಪಾಗಿತ್ತು. ಹೇಳಬೇಕೆಂದು ಹೇಳಿದ್ದಲ್ಲ, ಮೂವತ್ತಾರು ವರ್ಷದ ಅಭ್ಯಾಸ ತಾನೇ ಹೊರಬಿದ್ದಿತ್ತು. "ಅದು ಈಗ ಬೇಕರಿಯದ್ದು," ಎಂದು ಮೊಹರು ಬಿದ್ದ ಕಾಗದ ಮುಂದಿಟ್ಟರು.

ಮುದುಕರು ಕೇಕಿನ ಚೀಟಿಯನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಓದಿದರು. "ಬೆಳೆದವರೇ ಮಾಲೀಕರಾಗಿರಬೇಕು ಅಂತ ನಮ್ಮಲ್ಲಿ ನಿಯಮ ಇದೆಯಲ್ಲ ತಾಯಿ. ಅಂಗಡಿಯವರು ಕೊಂಡ ಕಾಯಿ ತಂದು ನಿಲ್ಲಿಸಬಾರದು ಅಂತ ಮಾಡಿದ್ದು." ಅವರಿಗೂ ಪೆನ್ನು ಕೆಳಗಿಡಲು ಮನಸ್ಸಿಲ್ಲ. ಮುಚ್ಚಳವನ್ನು ಅರ್ಧ ಮಾತ್ರ ಹಾಕಿದರು.

ಅಕ್ಕ ಭಾವನ ಕಡೆ ತಿರುಗಿದಳು. ಬೈಯುತ್ತಾಳೆ ಎಂದುಕೊಂಡೆ. ಐವತ್ತು ವರ್ಷದ ಅನುಭವ ಇತ್ತಲ್ಲ. ಅವಳು ಮೆಲ್ಲಗೆ, "ಒಂದೇ ಒಂದು ಚೀಟಿ ರೀ," ಎಂದಳು ಅಷ್ಟೇ. ಹೋಗಿ ದುಂಡಮ್ಮನ ಪಕ್ಕ ಕೂತಳು.

ಬೇಕರಿಯಾಕೆಗೆ ಫೋನು ಮಾಡಿದೆ. ಎತ್ತಲಿಲ್ಲ. ಅದು ಒಲೆಯಿಂದ ಬನ್ನು ತೆಗೆಯುವ ಹೊತ್ತು. ಮತ್ತೆ ಮಾಡಿದೆ. ಎತ್ತಲಿಲ್ಲ. ಮೂರು ಮೂವತ್ತೆಂಟು.

ಆಗ ಭಾವ ಕನ್ನಡಕ ಒರೆಸಿದರು. "ನಿಯಮಾವಳಿ ಕೊಡ್ತೀರಾ?" ಎಂದು ಮುದುಕರನ್ನು ಕೇಳಿದರು. ಎರಡು ಹಾಳೆಯ ಪುಸ್ತಿಕೆ. ಪ್ರತಿ ಹಾಳೆಯನ್ನೂ ಬೆರಳಿನಲ್ಲಿ ಉಜ್ಜಿ, ಅಂಟಿಕೊಂಡಿಲ್ಲ ಎಂದು ಖಾತ್ರಿ ಮಾಡಿಕೊಂಡು ಓದಿದರು. ಅವರು ಹಾಗೆ ಓದುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಯಾವಾಗಲೂ ಒಂದು 'ಇಲ್ಲ'ವನ್ನು ಹುಡುಕಲು ಓದುತ್ತಿದ್ದರು. ಈ ಸಲ ಒಂದು 'ಹೌದು' ಹುಡುಕುತ್ತಿದ್ದರು.

"'ತೂಕದ ಹೊತ್ತಿಗೆ ಕಾಯಿಯು ಬೆಳೆದವರ ಸ್ವಂತದ್ದಾಗಿರತಕ್ಕದ್ದು,'" ಎಂದು ಗಟ್ಟಿಯಾಗಿ ಓದಿದರು. "ತೂಕದ ಹೊತ್ತಿಗೆ. ಮಧ್ಯಾಹ್ನ ಯಾರದ್ದಾಗಿತ್ತು ಅಂತ ಕೇಳಿಲ್ಲ. ಅಲ್ವಾ?"

"ಕೇಳಿಲ್ಲ," ಎಂದರು ಮುದುಕರು ಮುಂದಕ್ಕೆ ಬಾಗಿ.

"ಈಗ ಈ ಚೀಟಿ ನೋಡಿ. 'ಕೂಲಿ: ಕೆಲಸ ಮುಗಿದ ಮೇಲೆ ಆಂಟಿ ಕೇಳಿದ್ದು.'" ಭಾವ ಅಕ್ಕನ ಮುಂದೆ ಹೋಗಿ ನೆಟ್ಟಗೆ ನಿಂತರು. "ಮೇಲ್ವಿಚಾರಕರೇ, ನಿಮಗೆ ಕೂಲಿ ಏನು ಬೇಕು?"

ಅಕ್ಕನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಅವಳ ಮುಖ ಇಷ್ಟಗಲವಾಯಿತು. "ಒಂದು ಕುಂಬಳಕಾಯಿ ಕೊಡಿ," ಎಂದಳು.

"ಬೇಕರಿ ಕೊಟ್ಟಿತು. ಆದರೆ 'ಕೆಲಸ ಮುಗಿದ ಮೇಲೆ' ಅಂತಿದೆ."

ಮೂವರೂ ಒಟ್ಟಿಗೆ ವ್ಯಾನಿನ ಕಡೆ ನೋಡಿದೆವು. ರಸ್ಕಿನ ಟಿನ್ನು ಒಳಗೇ ಇತ್ತು. ಚಹಾ ಅಂಗಡಿ ಮೈದಾನದ ಆ ತುದಿಯಲ್ಲಿತ್ತು. ಮೂರು ನಲವತ್ತಾರು.

"ಓಡಿ," ಎಂದಳು ಮೇಲ್ವಿಚಾರಕಿ.

ಎಪ್ಪತ್ತಾರು ವರ್ಷದ ಷರತ್ತು ಸಾಹೇಬರು ರಸ್ಕಿನ ಟಿನ್ನನ್ನು ಹೆಗಲಿಗೇರಿಸಿಕೊಂಡು ಓಡಿದರು. ಓಟ ಎನ್ನುವುದು ನನ್ನ ಪ್ರೀತಿಯ ಮಾತು. ಅದು ಚಪ್ಪಲಿಯ ಸದ್ದು ಹೆಚ್ಚಿದ ನಡಿಗೆ. ಟಿನ್ನಿನ ತಳಕ್ಕೆ ಮೆತ್ತಿದ್ದ ಹಿಟ್ಟು ಅವರ ಕಪ್ಪು ಕೋಟಿನ ಮೇಲೆ ಉದುರುತ್ತಿತ್ತು. ಕುಂಬಳಕಾಯಿ ಬೆಳೆದವರು, ನೋಡಲು ಬಂದವರು ಎಲ್ಲ ದಾರಿ ಬಿಟ್ಟರು. ಯಾಕೆ ಓಡುತ್ತಿದ್ದಾರೆ ಎಂದು ಯಾರಿಗೂ ಗೊತ್ತಿಲ್ಲ, ಆದರೂ ಒಂದಿಬ್ಬರು ಚಪ್ಪಾಳೆ ತಟ್ಟಿದರು. ನಾನು ಸಾಕ್ಷಿಗೆಂದು ಹಿಂದೆ ಹೋದೆ.

ಚಹಾ ಅಂಗಡಿಯ ದೊಡ್ಡಮ್ಮ ಟಿನ್ನು ತೆಗೆದು, ಮೂಸಿ, ಕಣ್ಣು ಮುಚ್ಚಿದರು. "ನಮ್ಮ ಹುಡುಗಿ ಕೈಯದ್ದು," ಎಂದರು. "ಕೂತ್ಕೊಳ್ಳಿ, ಚಹಾ ಕುಡೀರಿ."

"ಕೆಲಸ ಮುಗೀತು ಅಂತ ಬರೆದುಕೊಡಿ ತಾಯಿ," ಎಂದು ಭಾವ ಏದುಸಿರು ಬಿಟ್ಟರು. "ಎರಡು ಕಮ್ಮಿ ಇದೆ. ಅದು ದಾಖಲಾಗಿದೆ."

ದೊಡ್ಡಮ್ಮ ಏನೂ ಕೇಳದೆ ಒಂದು ಕಾಗದದ ಲೋಟದ ಮೇಲೆ 'ರಸ್ಕು ಬಂತು, ಚೆನ್ನಾಗಿದೆ' ಎಂದು ಬರೆದು, ಅದೇ ಲೋಟಕ್ಕೆ ಚಹಾ ತುಂಬಿ ಕೊಟ್ಟರು. ಭಾವ ಆ ಬಿಸಿ ಚಹಾವನ್ನು ಒಂದು ಹನಿಯೂ ಚೆಲ್ಲದೆ ಮೈದಾನದುದ್ದಕ್ಕೂ ಹಿಡಿದು ತಂದು ಮುದುಕರ ಮೇಜಿನ ಮೇಲಿಟ್ಟರು. "ದಾಖಲೆ," ಎಂದರು.

ಮುದುಕರು ಲೋಟ ತಿರುಗಿಸಿ ಓದಿದರು. ಕೈಗಡಿಯಾರ ನೋಡಿದರು. ಮೂರು ಐವತ್ತೇಳು. ತೂಕದವನು ತಕ್ಕಡಿಗೆ ಹೊದಿಸಲೆಂದು ಬಟ್ಟೆ ಕೈಗೆತ್ತಿಕೊಂಡಿದ್ದ. ಮುದುಕರು ಬೆರಳೆತ್ತಿ ಅವನನ್ನು ತಡೆದು ಅಕ್ಕನ ಕಡೆ ನೋಡಿದರು. "ಕಾಯಿ ನಿಮ್ಮದೇ ತಾನೆ?"

"ನಂದೇ," ಎಂದಳು ಅಕ್ಕ.

ಭಾವ ಬಾಯಿ ಬಿಡಲಿಲ್ಲ. ಜೋರಾಗಿ ತಲೆಯಾಡಿಸಿದರು.

ಮುದುಕರು ಅವಸರವಿಲ್ಲದೆ, ಒಂದೊಂದು ಅಕ್ಷರವನ್ನೂ ಉರುಟಾಗಿ ತಿದ್ದಿ ಅಕ್ಕನ ಹೆಸರು ಬರೆದರು. ಶಾಯಿ ಆರಲೆಂದು ಊದಿದರು. ದುಂಡಮ್ಮ ಅರವತ್ತೆಂಟು ಕೆಜಿ ತೂಗಿತು. ಹನ್ನೊಂದು ಕಾಯಿಗಳಲ್ಲಿ ಒಂಬತ್ತನೆಯದು. ಅಕ್ಕ ಎಷ್ಟನೆಯದು ಎಂದು ಕೇಳಲೂ ಇಲ್ಲ. ಚೀಟಿಯನ್ನು ಎದುರಿನಿಂದ ಓದಿದಳು, ಆ ಕಡೆಯಿಂದ ಓದಿದಳು, ಭಾವನನ್ನು ಕರೆದು ಓದಿಸಿದಳು.

"ತಪ್ಪಿಲ್ಲದೆ ಬರ್ದಿದ್ದಾರೆ," ಎಂದರು ಭಾವ. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ.

ಮರಳುವಾಗ ಮತ್ತೆ ಅದೇ ತೊಡಕು. ದುಂಡಮ್ಮ ಈಗ ಅಕ್ಕನದು, ವ್ಯಾನಿನಲ್ಲಿ ಹೋಗಬೇಕಾದರೆ ಬೇಕರಿಯದ್ದಾಗಬೇಕು. ಭಾವ ಹೇಗೆ ಹೇಳುವುದೆಂದು ಒದ್ದಾಡುತ್ತಿದ್ದಾಗ ಅಕ್ಕನೇ ಫೋನು ಕಿತ್ತುಕೊಂಡಳು. ಈಗ ಬನ್ನು ಒಲೆಯಿಂದ ಹೊರಗೆ ಬಂದಿತ್ತು. ಬೇಕರಿಯಾಕೆ ಎತ್ತಿದಳು. "ಮಗಳೇ, ದುಂಡಮ್ಮನ್ನ ನಿನಗೇ ಕೊಡ್ತೀನಿ. ಮಧ್ಯಾಹ್ನ ಅವರು ಕೊಡಿಸಿದ್ರು, ಈಗ ನಾನೇ ಕೊಡ್ತಿದ್ದೀನಿ. ಬ್ರೆಡ್ಡು ಮಾಡು. ಬೀಜ ಮಾತ್ರ ನನಗಿರಲಿ. ಚೀಟಿ ಕೊಡಲ್ಲ."

ಗಡಿಯ ಕೌಂಟರಿನಲ್ಲಿ ಹಸಿರು ಸ್ವೆಟರಿನವಳ ಪಾಳಿ ಮುಗಿದಿತ್ತು. ಆದರೂ ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದಳು. ಚೀಟಿ ಸಿಕ್ಕಿತೋ ಇಲ್ಲವೋ ತಿಳಿಯದೆ ಮನೆಗೆ ಹೋಗಲು ಮನಸ್ಸಾಗಲಿಲ್ಲ ಎಂದಳು. ಅಕ್ಕ ತೋರಿಸಿದಳು. ನಾನು ದೊಡ್ಡಮ್ಮನ ಅಂಗಡಿಯಿಂದ ಅವಳಿಗಾಗಿ ಮುಚ್ಚಳದ ಲೋಟದಲ್ಲಿ ಚಹಾ ತಂದಿದ್ದೆ. ದಾರಿಯಲ್ಲಿ ತಣ್ಣಗಾಗಿತ್ತು. ಅವಳು ಅದನ್ನು ಬಿಸಿ ಚಹಾದ ಹಾಗೆ ಎರಡೂ ಕೈಯಲ್ಲಿ ಹಿಡಿದು ಕುಡಿದಳು.

ಅಷ್ಟರಲ್ಲಿ ಸುಂಕದವರು ವ್ಯಾನಿನ ಬಾಗಿಲು ತೆಗೆದು, "ಬೆಳಿಗ್ಗೆ ಹೋದ ಕುಂಬಳಕಾಯಿನೇ ತಾನೆ? ಯಾರದ್ದೂ ಕದ್ದು ತಂದಿಲ್ವಲ್ಲ?" ಎಂದು ತಮಾಷೆ ಮಾಡಿದರು. ಭಾವ ಗಾಬರಿಯಲ್ಲಿ ಹೆಗಲು ಮುಟ್ಟಿ ನೋಡಿಕೊಂಡರು. ಅಲ್ಲಿ ಅಂಗೈಯಗಲ ಬಿಳಿ ಹಿಟ್ಟು. ಅಕ್ಕ ನಕ್ಕ ನಗೆಗೆ ವ್ಯಾನಿಗೆ ಆತು ನಿಲ್ಲಬೇಕಾಯಿತು.

ಮಾರನೆಯ ಬೆಳಿಗ್ಗೆ ಭಾವ ಶುಭ್ರವಾದ ಕೋಟು ಹಾಕಿಕೊಂಡು ಬೇಕರಿಗೆ ಹೋಗಿ ಬೀಗದ ಕೈ, ಪಾಲಿಸಿ, ಜೊತೆಗೆ ಒಂದು ಪುಟದ ರಾಜೀನಾಮೆ ಕೊಟ್ಟರಂತೆ. ಪಾಲಿಸಿಯ ಪ್ರತಿ ಹಾಳೆಯ ನಡುವೆ ಬೆಣ್ಣೆ ಕಾಗದ ಇಟ್ಟಿದ್ದರಂತೆ. ಬೇಕರಿಯಾಕೆ ರಾಜೀನಾಮೆ ಓದಿ, "ನನಗೆ ಕೊಟ್ರೆ ಆಗಲ್ಲ ಅಂಕಲ್, ಮೇಲ್ವಿಚಾರಕಿ ಮೂಲಕ ಬರಬೇಕು," ಎಂದು ಹಿಂದಿರುಗಿಸಿದಳು.

ನಾನು ಹೋದಾಗ ಅಕ್ಕ ಅಡುಗೆಮನೆಯ ಮೇಜಿನಲ್ಲಿ ಕೂತು ಭಾವನ ಭೂತಗನ್ನಡಿ ಹಿಡಿದು ಕೇಕಿನ ಚೀಟಿ ಪರೀಕ್ಷಿಸುತ್ತಿದ್ದಳು. ಎದುರಿನ ಗೋಡೆಗೆ, ಕ್ಯಾಲೆಂಡರಿನ ಪಕ್ಕ, ನೀಲಿ ಶಾಯಿಯ ಚೀಟಿ ಅಂಟಿಸಿತ್ತು. ಭಾವ ರಾಜೀನಾಮೆ ಹಿಡಿದು ನಿಂತಿದ್ದರು.

"ಇದರಲ್ಲಿ 'ದಿನಾಂಕ' ಅನ್ನೋ ಕಡೆ ಅವಳು ಏನೂ ಬರ್ದಿಲ್ಲ ರೀ," ಎಂದಳು ಅಕ್ಕ. "ಯಾವತ್ತಿನವರೆಗೆ ಅಂತಾನೂ ಇಲ್ಲ. ಹಾಗಿದ್ರೆ ನೇಮಕ ನಡೀತಾನೇ ಇರುತ್ತೆ, ಅಲ್ವಾ? ನೀವು ಹೇಳಿ, ನಿಮಗೆ ತಿಳಿದಿರುತ್ತೆ."

ಭಾವ ಚೀಟಿ ಇಸಿದುಕೊಂಡರು. ಹಿಂದೆ ತಿರುಗಿಸಿ ನೋಡಿದರು. ಬೆರಳಿನಲ್ಲಿ ಉಜ್ಜಿ, ಹಾಳೆ ಒಂದೇ ಎಂದು ಖಾತ್ರಿ ಮಾಡಿಕೊಂಡರು. ಆಮೇಲೆ ರಾಜೀನಾಮೆಯನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡು, ಒಲೆಯ ಹತ್ತಿರ ಹೋಗಿ, ಪಾತ್ರೆಗೆ ನೀರು ಹಾಕಿದರು.

"ಎಷ್ಟು ಜನಕ್ಕೆ ಚಹಾ?" ಎಂದರು.